ಬಾವುಟದ ಚಡ್ಡಿ

ಲುಂಡ್ ಊರಿನಲ್ಲಿ ಎಲ್ಲರ ಪ್ಯಾಂಟೂ ಮೊದಲು ಬಲಗಾಲಿನಲ್ಲೇ ಹರಿಯುತ್ತದೆ. ಸೈಕಲ್ಲಿನ ಚೈನು ಇರುವುದು ಬಲಗಡೆ. ಪ್ರೊಫೆಸರರಿಂದ ಹಿಡಿದು ಅಂಚೆಯವರ ತನಕ ಸೈಕಲ್ ತುಳಿಯದವರೇ ಇಲ್ಲದ ಊರು ಅದು. ಹೀಗೆ ಹರಿದು ಬಂದ ಬಲಗಾಲುಗಳನ್ನು ಹೊಲಿದುಕೊಂಡೇ ಪ್ರಫುಲ್ಲಾ ಅಲ್ಲಿ ಬೇರು ಬಿಟ್ಟಳು.

ಅವಳು ಹುಟ್ಟಿ ಬೆಳೆದದ್ದು ಧಾರವಾಡದ ಹತ್ತಿರದ ಗರಗದಲ್ಲಿ. ರಾಷ್ಟ್ರಧ್ವಜಕ್ಕೆ ಖಾದಿ ನೇಯುವ ಊರು. ಅವಳ ಅವ್ವ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಧ್ವಜದ ಬಟ್ಟೆ ನೆಲಕ್ಕೆ ತಾಕಿದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನುವುದು ಆ ಮನೆಯಲ್ಲಿ ಯಾರೂ ಹೇಳಿಕೊಡದೆ ಬಂದ ಪಾಠ. ಪುಸ್ತಕ ಕಾಲಿಗೆ ತಗುಲಿದಾಗ ನಾವೆಲ್ಲ ಮಾಡುತ್ತೇವಲ್ಲ, ಹಾಗೆ. ಬೆಂಗಳೂರಿನ ಗೋಪೀನಾಥನನ್ನು ಮದುವೆಯಾಗಿ, ಅವನಿಗೆ ಮಾಲ್ಮೋದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ, ಆರು ವರ್ಷದ ಮಗಳು ಅನಿಕಾಳ ಕೈ ಹಿಡಿದುಕೊಂಡು ಅವಳು ಸ್ವೀಡನ್ನಿಗೆ ಬಂದಿಳಿದಳು. ಮನೆ ಸಿಕ್ಕಿದ್ದು ರೈಲಿನಲ್ಲಿ ಹತ್ತೇ ನಿಮಿಷದ ದಾರಿಯ ಲುಂಡ್‌ನಲ್ಲಿ.

ಮೊದಲ ವರ್ಷ ಸ್ವೀಡಿಷ್ ಕಲಿಯುವ ತರಗತಿ, ಮನೆ, ಚಳಿ. ಮೂರೂ ಬೇಜಾರು. ಒಂದು ದಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಎಲ್ಲರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯಲ್ಲಿ, ಮೇಲಿನ ಮನೆಯ ಇಂಗಾ ಎಂಬ ವಯಸ್ಸಾದ ಹೆಂಗಸು ಹರಿದ ಪ್ಯಾಂಟೊಂದನ್ನು ಹಿಡಿದುಕೊಂಡು ಎಸೆಯಲೋ ಬೇಡವೋ ಎಂದು ನಿಂತಿದ್ದಳು. ಪ್ರಫುಲ್ಲಾ ಅದನ್ನು ಇಸಕೊಂಡು ಮರುದಿನ ಹೊಲಿದು ಕೊಟ್ಟಳು. ಹೊಲಿಗೆ ಎಲ್ಲಿದೆ ಎಂದು ಇಂಗಾ ಕನ್ನಡಕ ಹಾಕಿಕೊಂಡು ಹುಡುಕಿದಳಂತೆ. ಆಮೇಲೆ ಇಡೀ ಕಟ್ಟಡದ ಬಟ್ಟೆ ಬರತೊಡಗಿತು. ಮೂರನೆಯ ವರ್ಷಕ್ಕೆ ಸೈಕಲ್ ರಿಪೇರಿಯವನ ಪಕ್ಕದಲ್ಲೇ ಒಂದು ಪುಟ್ಟ ಅಂಗಡಿ, ಕಿಟಕಿಯ ಮೇಲೆ ಅವಳ ಹೆಸರು. ಅಲ್ಲಿಂದ ಮುಂದೆ ಅವಳ ನಗು ರಸ್ತೆಯ ಆ ತುದಿಯವರೆಗೂ ಕೇಳುತ್ತಿತ್ತು.

ಎರಡು ಸಾವಿರದ ಐದನೇ ಇಸವಿಯ ವಸಂತದಲ್ಲಿ ಸ್ವೀಡನ್ನಿನವರೆಲ್ಲ ಒಂದು ವಿಷಯ ಗೊಣಗುತ್ತಿದ್ದರು. ಜೂನ್ ಆರು ಅವರ ರಾಷ್ಟ್ರೀಯ ದಿನ. ಅಲ್ಲಿಯವರೆಗೆ ಅದಕ್ಕೆ ರಜೆ ಇರಲಿಲ್ಲ. ಆ ವರ್ಷ ಮೊದಲ ಬಾರಿಗೆ ರಜೆ ಘೋಷಿಸಿ, ಬದಲಿಗೆ ಬೇರೊಂದು ಹಬ್ಬದ ಸೋಮವಾರದ ರಜೆ ಕಿತ್ತುಕೊಂಡಿದ್ದರು. "ರಜೆ ಕೊಟ್ಟರು ಸರಿ, ಆ ದಿನ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ" ಎಂದು ಇಂಗಾ ತಲೆಯಾಡಿಸಿದಳು. ಬಡಾವಣೆಯ ನಿವಾಸಿಗಳ ಸಂಘದವರು ಮಾತ್ರ ಹುಮ್ಮಸ್ಸಿನಿಂದ ಪಾರ್ಕಿನಲ್ಲಿ ಒಂದು ಹಬ್ಬ ಏರ್ಪಡಿಸಿದರು. ಊರಿನಲ್ಲಿರುವ ಒಂದೊಂದು ದೇಶದವರಿಗೆ ಒಂದೊಂದು ಮೇಜು. ದೇಶಗಳು ಜಾಸ್ತಿ, ಮೇಜುಗಳು ಕಡಿಮೆ. ಹಾಗಾಗಿ ಇಂಗ್ಲಿಷ್ ಮಾತಾಡುವ ದೇಶಗಳಿಗೆಲ್ಲ ಸೇರಿಸಿ ಒಂದೇ ಮೇಜು ಎಂದಾಯಿತು. ಭಾರತವನ್ನೂ ಅದಕ್ಕೇ ಹಾಕಿದ್ದರು.

"ನಾವು ಯಾವಾಗ್ರೀ ಇಂಗ್ಲಿಷ್ ದೇಶ ಆದ್ವಿ?" ಎಂದು ಪ್ರಫುಲ್ಲಾ ಗಂಡನನ್ನು ಕೇಳಿದಳು.

"ಬಿಡು, ನಾಲ್ಕು ಜನರ ಜೊತೆ ಫೀಕಾ ಅಂತ ಕಾಫಿ ಕುಡಿದ ಹಾಗಾಯ್ತು. ಹೇಗೂ ಬಾವುಟ ಹೊಲಿಯೋ ಕೆಲಸ ನಿನಗೇ ಬರುತ್ತೆ ನೋಡ್ತಿರು," ಎಂದ ಗೋಪೀನಾಥ.

ಹಾಗೇ ಆಯಿತು. ಏಪ್ರಿಲ್ ಮೊದಲ ವಾರ ಒಂದು ಮಧ್ಯಾಹ್ನ ಮೂವರು ಅವಳ ಅಂಗಡಿಗೆ ಬಂದರು. ಡಾನಾ ಅಮೆರಿಕದವಳು, ಓಹಾಯೋದ ಒಂದು ಸಣ್ಣ ಊರಿನವಳು. ಇಲ್ಲಿ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ನೈಜೆಲ್ ಇಂಗ್ಲೆಂಡಿನ ಲೀಡ್ಸ್‌ನವನು, ಸಂಜೆಯ ತರಗತಿಗಳಲ್ಲಿ ಇಂಗ್ಲಿಷ್ ಮೇಷ್ಟ್ರು. ಕ್ರೇಗ್ ಆಸ್ಟ್ರೇಲಿಯಾದ ಪರ್ತ್‌ನವನು, ಯೂನಿವರ್ಸಿಟಿಯ ಲ್ಯಾಬಿನಲ್ಲಿ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಹಿಮ ಬಿದ್ದಾಗಲೂ ಚಪ್ಪಲಿಯಲ್ಲೇ ಓಡಾಡುವ ಆಳು. ಮೂವರಿಗೂ ಚಹಾ ಕೊಟ್ಟು, ಪ್ರಫುಲ್ಲಾ ಟೇಪು ಕೊರಳಿಗೆ ಹಾಕಿಕೊಂಡು ಕೇಳಿದಳು. "ಹೇಳಿ, ಯಾರಿಗೆ ಎಷ್ಟು ದೊಡ್ಡ ಬಾವುಟ?"

ಇಂಗ್ಲಿಷ್ ಮಾತಾಡುವವರೆಲ್ಲ ಹೆಚ್ಚುಕಮ್ಮಿ ಒಂದೇ ಎಂದುಕೊಂಡಿದ್ದಳು ಅವಳು. ಆ ತಿಳುವಳಿಕೆ ಚಹಾ ಆರುವ ಮೊದಲೇ ಕರಗಿಹೋಯಿತು.

ಡಾನಾ ಎರಡೂ ಕೈ ಅಗಲಿಸಿ ಅಳತೆ ತೋರಿಸಿದಳು. ಅವಳ ಅಪ್ಪ ದಿನಾ ಬೆಳಿಗ್ಗೆ ಮನೆಯ ಜಗುಲಿಯ ಕಂಬಕ್ಕೆ ಬಾವುಟ ಏರಿಸಿ, ಸಂಜೆ ಇಳಿಸಿ, ಮಗಳ ಕೈಯಿಂದ ಒಂದು ತುದಿ ಹಿಡಿಸಿ ತ್ರಿಕೋನವಾಗಿ ಮಡಚುತ್ತಿದ್ದನಂತೆ. "ನೆಲಕ್ಕೆ ತಾಕಬಾರದು. ಮಳೆ ಬಂದರೆ ಮೊದಲು ಬಾವುಟ ಒಳಗೆ, ಆಮೇಲೆ ನಾವು," ಎಂದಳು. ಪ್ರಫುಲ್ಲಾಳಿಗೆ ತನ್ನ ಅವ್ವನೇ ಅಮೆರಿಕನ್ ಇಂಗ್ಲಿಷಿನಲ್ಲಿ ಮಾತಾಡಿದಂತಾಯಿತು.

ನೈಜೆಲ್ ಕಪ್ಪಿನೊಳಗೆ ನೋಡುತ್ತ ಕೂತಿದ್ದ. "ಬಾವುಟ ಅಂದರೆ ಸ್ವಲ್ಪ ಅತಿ ಅನ್ನಿಸಲ್ವಾ? ಒಂದು ಕೇಕ್ ಸಾಕೇನೋ," ಎಂದ. ಆಮೇಲೆ ತನ್ನ ದೇಶದ ಮಳೆ, ತಡವಾಗಿ ಬರುವ ರೈಲು, ಬೇಯಿಸಿ ಬೇಯಿಸಿ ರುಚಿ ಕಳೆದ ತರಕಾರಿ ಎಂದು ಒಂದೊಂದನ್ನೇ ಆಡಿಕೊಂಡು ನಕ್ಕ. ಪ್ರಫುಲ್ಲಾಳಿಗೆ ಪಾಪ ಅನ್ನಿಸಿತು. "ನಿಮ್ಮೂರು ನಿಮಗೆ ಸೇರೋದಿಲ್ವಾ?" ಎಂದು ಮೆಲ್ಲಗೆ ಕೇಳಿದಳು. ಅಷ್ಟರಲ್ಲಿ ಕ್ರೇಗ್, "ನಿಜ, ನಿಜ, ಅಲ್ಲಿಯ ಬಿಸಿಲು ಡಬ್ಬಿಯಲ್ಲಿ ಬರುತ್ತೆ" ಎಂದುಬಿಟ್ಟ. ನೈಜೆಲ್‌ನ ಕಿವಿ ಕೆಂಪಾಯಿತು. ಬಿಸ್ಕತ್ತನ್ನು ಬೇಕಾದದ್ದಕ್ಕಿಂತ ಜೋರಾಗಿ ಮುರಿದ.

ಆಗ ಪ್ರಫುಲ್ಲಾಳಿಗೆ ಥಟ್ಟನೆ ಅರ್ಥವಾಯಿತು. ತವರನ್ನು ನಾವು ದಿನಾ ಬೈದುಕೊಳ್ಳಬಹುದು. ಅದೇ ಮಾತನ್ನು ಗಂಡ ಅಂದರೆ ಕೇಳಿಕೊಂಡಿರುತ್ತೇವೆಯೇ? "ನಿಮಗೂ ಒಂದು ಬಾವುಟ ಹೊಲೀತೀನಿ, ಚಿಕ್ಕದು," ಎಂದಳು. ನೈಜೆಲ್ ಬೇಡ ಅನ್ನಲಿಲ್ಲ.

ಕೊನೆಗೆ ಕ್ರೇಗ್‌ನ ಸರದಿ. ಅವನು ಎಲ್ಲರ ಹೆಸರನ್ನೂ ಮೊಟಕು ಮಾಡುವವನು. "ಪ್ರಫ್, ನನಗೊಂದು ಚಡ್ಡಿ ಬೇಕು."

"ಚಡ್ಡಿನಾ? ಬಾವುಟ ಬೇಡ್ವಾ?"

"ಬಾವುಟದ್ದೇ ಚಡ್ಡಿ. ಮಾಂಸ ಸುಡೋ ಒಲೆ ಹಚ್ಚಿ, ಅದನ್ನು ತೊಟ್ಟುಕೊಂಡು ಎಲ್ಲರಿಗೂ ಬಡಿಸ್ತೀನಿ. ನಮ್ಮೂರಿನಲ್ಲಿ ದೇಶದ ಹಬ್ಬ ಅಂದರೆ ಅದೇ."

ಡಾನಾ ಬಾಯಿಗೆ ಕೈ ಇಟ್ಟುಕೊಂಡಳು. ಪ್ರಫುಲ್ಲಾ ಎದ್ದು ನಿಂತಳು. ಬೆಂಗಳೂರಿನವರ ನಡುವೆ ಇದ್ದೂ ಇದ್ದೂ ಅವಳ ಮಾತಿನಲ್ಲಿ ಧಾರವಾಡ ಅಡಗಿಹೋಗಿತ್ತು. ಸಿಟ್ಟು ಬಂದಾಗ ಮಾತ್ರ ಹೊರಬರುತ್ತಿತ್ತು. ಈಗ ಇಂಗ್ಲಿಷನ್ನು ಬದಿಗೊತ್ತಿ ಪೂರ್ತಿ ಬಂದುಬಿಟ್ಟಿತು. "ಅಯ್ಯ, ಏನಂತ ಮಾತಾಡ್ತಿಯೋ ಮಾರಾಯಾ! ಬಾವುಟದ ಮ್ಯಾಲೆ ಕುಂದರ್ತೀಯೇನು? ನಾ ಹೊಲ್ಯಂಗಿಲ್ಲ ನೋಡು!"

ಭಾಷೆ ತಿಳಿಯದಿದ್ದರೂ ಕ್ರೇಗ್‌ಗೆ ವಿಷಯ ತಿಳಿಯಿತು. ನಕ್ಕು, ಕೈಮುಗಿದು, ಚಹಾ ಮುಗಿಸಿ ಹೊರಟ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಉಳಿದದ್ದು ಪ್ರಫುಲ್ಲಾಳಿಗೇ. ದೇಶದ ಮೇಲೆ ಮರ್ಯಾದೆಯೇ ಇಲ್ಲದವನು ಎಂದು ಎರಡು ದಿನ ಮನೆಯಲ್ಲಿ ಗೊಣಗಿದಳು. ಹನ್ನೊಂದರ ಅನಿಕಾ ಸ್ವೀಡಿಷಿನಲ್ಲಿ, "ಅಮ್ಮಾ, ಅದು ಬರೀ ಬಟ್ಟೆ" ಎಂದಳು. ಅದಕ್ಕೆ ಬೇರೆ ಬೈಗುಳ ಬಿತ್ತು.

ಆ ತಿಂಗಳ ಮೂರನೇ ವಾರ ಕ್ರೇಗ್ ಮತ್ತೆ ಅಂಗಡಿಗೆ ಬಂದ. ಇಪ್ಪತ್ತೈದನೇ ತಾರೀಕು ಸೂರ್ಯ ಹುಟ್ಟುವ ಮೊದಲು ಲೊಮ್ಮಾದ ಕಡಲ ತೀರಕ್ಕೆ ಬರುತ್ತೀರಾ ಎಂದು ಗಂಡಹೆಂಡತಿಯನ್ನು ಕರೆದ. ಏನು ಎತ್ತ ಎಂದು ಹೇಳಲಿಲ್ಲ. ಪಿಕ್‌ನಿಕ್ ಇರಬೇಕು ಎಂದುಕೊಂಡು ಪ್ರಫುಲ್ಲಾ ಡಬ್ಬಿಯ ತುಂಬ ಒಗ್ಗರಣೆ ಅವಲಕ್ಕಿ ಮಾಡಿಕೊಂಡು ಗೋಪೀನಾಥನ ಕಾರಿನಲ್ಲಿ ಹೊರಟಳು.

ತೀರದಲ್ಲಿ ಹತ್ತು ಹನ್ನೆರಡು ಜನ ಗಾಳಿಗೆ ಮೈ ಕುಗ್ಗಿಸಿಕೊಂಡು ನಿಂತಿದ್ದರು. ಕ್ರೇಗ್ ಕಾಲಿಗೆ ಶೂ ಹಾಕಿದ್ದ. ಅವನು ಶೂ ಹಾಕಿದ್ದನ್ನು ಪ್ರಫುಲ್ಲಾ ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಕೋಟು, ಕೋಟಿನ ಬಲ ಎದೆಗೆ ಹಳೆಯ ಪದಕಗಳು. ತೊಂಬತ್ತು ವರ್ಷದ ಹಿಂದೆ ಅದೇ ದಿನದ ಬೆಳಗಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹುಡುಗರು ತುರ್ಕಿಯ ಒಂದು ದಡದಲ್ಲಿ ಯುದ್ಧಕ್ಕೆ ಇಳಿದು, ಮುಂದಿನ ತಿಂಗಳುಗಳಲ್ಲಿ ಸಾವಿರಗಟ್ಟಲೆ ಸತ್ತಿದ್ದರು. ಕ್ರೇಗ್‌ನ ಮುತ್ತಜ್ಜ ಅವರಲ್ಲೊಬ್ಬ. ಎಡ ಎದೆ ಪದಕ ಗಳಿಸಿದವರದು, ಬಲ ಎದೆ ಅವರ ಮಕ್ಕಳು ಮೊಮ್ಮಕ್ಕಳದು ಎಂದು ಪಕ್ಕದಲ್ಲಿದ್ದ ನ್ಯೂಜಿಲೆಂಡಿನ ಹುಡುಗಿ ಪಿಸುಗುಟ್ಟಿದಳು. ಯಾರೂ ಭಾಷಣ ಮಾಡಲಿಲ್ಲ. ಬಾವುಟವೂ ಇರಲಿಲ್ಲ. ಕೆಲವು ಹೆಸರುಗಳನ್ನು ಓದಿದರು, ಎಲ್ಲರೂ ತಲೆ ತಗ್ಗಿಸಿ ಸುಮ್ಮನೆ ನಿಂತರು. ಕ್ರೇಗ್ ಕೈಗಳನ್ನು ಬೆನ್ನ ಹಿಂದೆ ಹಿಡಿದು ನೆಟ್ಟಗೆ ನಿಂತಿದ್ದ. ಗೋಪೀನಾಥ ತನಗರಿವಿಲ್ಲದೆ ಟೋಪಿ ತೆಗೆದ.

ಬೆಳಕು ಹರಿದ ಮೇಲೆ ಅದೇ ಜನ ಗುಂಪಾಗಿ ನಗತೊಡಗಿದರು. ಓಟ್ಸ್ ಬಿಸ್ಕತ್ತು ಹಂಚಿದರು, ನಾಣ್ಯ ಮೇಲಕ್ಕೆ ಚಿಮ್ಮಿ ಪಂದ್ಯ ಕಟ್ಟಿದರು. ಕ್ರೇಗ್ ಅವಲಕ್ಕಿಯ ಡಬ್ಬಿಯನ್ನು ಅರ್ಧ ಖಾಲಿ ಮಾಡಿ, "ಮುತ್ತಜ್ಜ ಭಾರಿ ತಮಾಷೆಯ ಮನುಷ್ಯನಂತೆ, ಪ್ರಫ್. ಅವನಿಗೆ ಅಳುವವರಿಗಿಂತ ತಿನ್ನುವವರು ಇಷ್ಟ ಆಗ್ತಿದ್ರು," ಎಂದ.

ವಾಪಸು ಬರುವಾಗ ಕಾರಿನಲ್ಲಿ ಪ್ರಫುಲ್ಲಾ ಅವಲಕ್ಕಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ಬಿಗಿ ಮಾಡಿದಳು. ಆಮೇಲೆ ಇದ್ದಕ್ಕಿದ್ದಂತೆ, "ರೀ, ಆ ಕ್ರೇಗ್‌ನ ಸೊಂಟದ ಅಳತೆ ಎಷ್ಟಿರಬಹುದು?" ಎಂದಳು.

"ಯಾಕೆ, ಹೊಲಿಯೋದಿಲ್ಲ ಅಂದಿದ್ದೆ?"

"ಅಂದಿದ್ದೆ. ಈಗ ಹೊಲೀತೀನಿ. ಅವನ ದೇಶ, ಅವನ ಪ್ರೀತಿ. ನಾನ್ಯಾರು ಅಳತೆ ಹಾಕೋಕೆ?" ಎಂದಳು. ಸ್ವಲ್ಪ ತಡೆದು, "ಆದರೆ ಕೂರೋಕೆ ಬಿಡಲ್ಲ," ಎಂದೂ ಸೇರಿಸಿದಳು.

ಚಡ್ಡಿ ತಯಾರಾಯಿತು. ಮುಂಭಾಗದಲ್ಲಿ ಆಸ್ಟ್ರೇಲಿಯಾದ ನಕ್ಷತ್ರಗಳು, ಮೂಲೆಯಲ್ಲಿ ಬ್ರಿಟನ್ನಿನ ಪಟ್ಟಿಗಳು, ಎಲ್ಲ ಅಚ್ಚುಕಟ್ಟು. ಹಿಂಭಾಗ ಮಾತ್ರ ಬರೀ ನೀಲಿ. ಒಂದು ನಕ್ಷತ್ರವೂ ಇಲ್ಲ. ಕ್ರೇಗ್ ತಿರುಗಿಸಿ ಮುರುಗಿಸಿ ನೋಡಿ, ವಿಷಯ ತಿಳಿದಾಗ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಸೈಕಲ್ ರಿಪೇರಿಯವನು ಏನಾಯಿತೆಂದು ಓಡಿ ಬಂದ.

ಭಾರತದ ಬಾವುಟವೊಂದನ್ನು ಮಾತ್ರ ಅವಳು ಹೊಲಿಯಲಿಲ್ಲ. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್‌ನಲ್ಲಿ ಅದನ್ನು ಮಾಡುವ ಪ್ರಶ್ನೆಯೇ ಇರಲಿಲ್ಲ. ಗರಗದಲ್ಲಿದ್ದ ಅಣ್ಣ ಮಹಾಬಲೇಶ್ವರನಿಗೆ ಫೋನ್ ಮಾಡಿದಳು. ಗೋಪೀನಾಥನ ಆಫೀಸಿಗೆ ಹೊಸದಾಗಿ ಸೇರಲು ಹುಬ್ಬಳ್ಳಿಯಿಂದ ಬಂದ ಉಮಾಕಾಂತನ ಸೂಟ್‌ಕೇಸಿನಲ್ಲಿ, ಉಪ್ಪಿನಕಾಯಿಯಿಂದ ಆದಷ್ಟು ದೂರ ಕೂತು, ಖಾದಿಯ ಬಾವುಟ ಲುಂಡ್ ತಲುಪಿತು.

ಜೂನ್ ಆರು ಸೋಮವಾರ. ಪಾರ್ಕಿನ ತುಂಬ ಗಾಳಿ, ಬಿಸಿಲು, ಮಕ್ಕಳು. ಪ್ರಫುಲ್ಲಾ ಮತ್ತು ಡಾನಾ ಬೆಳಿಗ್ಗೆಯೇ ಬಂದು ಟೇಪು ಹಿಡಿದು ಕಂಬಗಳನ್ನು ಅಳೆದರು. ಯಾವ ದೇಶದ ಬಾವುಟವೂ ಇನ್ನೊಂದಕ್ಕಿಂತ ತಗ್ಗಿರಬಾರದು ಎಂದು ಇಬ್ಬರದೂ ಒಂದೇ ಹಟ. ಕ್ರೇಗ್ ಚಡ್ಡಿ ತೊಟ್ಟು ಬಂದಾಗ ಡಾನಾ, "ಅಯ್ಯೋ ದೇವರೇ" ಎಂದು ಮುಖ ತಿರುಗಿಸಿದಳು. "ಹಿಂದೆ ನೋಡು, ಹಿಂದೆ ನೋಡು," ಎಂದು ಪ್ರಫುಲ್ಲಾ ಅವನನ್ನು ಭುಜ ಹಿಡಿದು ತಿರುಗಿಸಿದಳು. ಖಾಲಿ ನೀಲಿಯನ್ನು ನೋಡಿದ ಡಾನಾ ಮೊದಲು ಗಂಭೀರವಾಗಿ ತಲೆದೂಗಿ, ಆಮೇಲೆ ತಡೆಯಲಾರದೆ ನಕ್ಕಳು.

ನೈಜೆಲ್ ದೊಡ್ಡ ಕೇಕ್ ತಂದಿದ್ದ. ತನ್ನ ಚಿಕ್ಕ ಬಾವುಟವನ್ನು ನೋಡಿ, "ಬಹಳ ಚೆನ್ನಾಗಿದೆ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ನೋಡಿದ. ಕಪ್ಪುಗಳನ್ನು ಅತ್ತಿತ್ತ ಸರಿಸಿದ. ಮೂರನೇ ಸಲ ಬಂದು ತಲೆ ಓರೆ ಮಾಡಿ ನಿಂತ.

"ಏನಾಯ್ತು ನೈಜೆಲ್?"

"ಏನಿಲ್ಲ, ಏನಿಲ್ಲ. ಯಾರಿಗೂ ಗೊತ್ತಾಗಲ್ಲ, ಬಿಡಿ."

"ಏನು ಗೊತ್ತಾಗಲ್ಲ? ಉಲ್ಟಾ ಇದೆಯಾ?"

ನೈಜೆಲ್‌ಗೆ ಸಂಕಟವಾಯಿತು. "ಸ್ವಲ್ಪ," ಎಂದ.

"ಸ್ವಲ್ಪ ಉಲ್ಟಾ ಅಂದ್ರೆ ಹೆಂಗ್ರೀ?" ಎಂದು ಪ್ರಫುಲ್ಲಾ ಕನ್ನಡದಲ್ಲೇ ಕೂಗಿದಳು. ಬ್ರಿಟನ್ನಿನ ಬಾವುಟದ ಓರೆಯಾದ ಬಿಳಿ ಪಟ್ಟಿಗಳಲ್ಲಿ ಒಂದು ಅಗಲ, ಒಂದು ಕಿರಿದು. ಕಂಬದ ಪಕ್ಕದಲ್ಲಿ ಅಗಲದ್ದು ಮೇಲಿರಬೇಕಂತೆ. ಬಾವುಟವೇ ಅತಿಯಾಯಿತು ಅಂದಿದ್ದವನು ಮೊದಲ ನೋಟಕ್ಕೇ ಅದನ್ನು ಕಂಡುಹಿಡಿದಿದ್ದ! ಅವಳು ಕುರ್ಚಿ ಹತ್ತಿ ಬಾವುಟ ಬಿಚ್ಚಿ ಸರಿಯಾಗಿ ಕಟ್ಟುವ ತನಕ ನೈಜೆಲ್ ಕುರ್ಚಿ ಹಿಡಿದುಕೊಂಡು, "ದಯವಿಟ್ಟು ಕ್ಷಮಿಸಿ, ದಯವಿಟ್ಟು ಕ್ಷಮಿಸಿ" ಎನ್ನುತ್ತಲೇ ಇದ್ದ. ಆದರೆ ಅವನ ಮುಖ ಅರಳಿತ್ತು.

ಮಧ್ಯಾಹ್ನ ಸಂಘದವರು ಎಲ್ಲರನ್ನೂ ಎಬ್ಬಿಸಿ ಸ್ವೀಡನ್ನಿನ ರಾಷ್ಟ್ರಗೀತೆ ಶುರುಮಾಡಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯಾರದೋ ಮನೆಯಲ್ಲಿ ಮೊದಲ ಸಲ ಊಟಕ್ಕೆ ಕೂತವರಂತೆ ಸಂಕೋಚದಿಂದ ಹಾಡಿದರು. ಆಮೇಲೆ ಒಂದೊಂದು ಮೇಜಿನವರೂ ತಮ್ಮ ತಮ್ಮದನ್ನು ಹಾಡಬೇಕೆಂದು ಕೇಳಿಕೊಂಡರು. ಡಾನಾ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಪಾರ್ಕು ಗುಂಯ್‌ಗುಡುವಂತೆ ಹಾಡಿದಳು. ನೈಜೆಲ್‌ನ ತುಟಿ ಅಲ್ಲಾಡಿದ್ದು ಕಂಡಿತು, ಧ್ವನಿ ಯಾರಿಗೂ ಕೇಳಲಿಲ್ಲ. ಕ್ರೇಗ್‌ಗೆ ತನ್ನ ದೇಶದ ಗೀತೆಯ ಎರಡನೆಯ ನುಡಿ ಗೊತ್ತಿರಲಿಲ್ಲ. ಅವನು ಒಂದೇ ನುಡಿಯನ್ನು ಎರಡು ಸಲ ಹಾಡಿ, ಸೌಟು ಮೇಲೆತ್ತಿ ನಮಸ್ಕಾರ ಮಾಡಿದ.

ಪ್ರಫುಲ್ಲಾಳ ಸರದಿ. ಗೋಪೀನಾಥ, ಉಮಾಕಾಂತ ಪಕ್ಕದಲ್ಲಿ ನಿಂತರು. ಇಬ್ಬರಿಗೂ ಶ್ರುತಿಗೂ ಆಗಿಬರುತ್ತಿರಲಿಲ್ಲ. ಪ್ರಫುಲ್ಲಾ ಎಷ್ಟು ಮೇಲಿನ ಸ್ವರ ಹಿಡಿದಳೆಂದರೆ ಎರಡನೆಯ ಸಾಲಿಗೇ ದಾರಿ ಮುಗಿಯಿತು. ನಿಲ್ಲಿಸಿದಳು. ಅಷ್ಟು ಜನರ ಮುಂದೆ ಮುಖ ಬೆವರಿತು.

ಸ್ವೀಡಿಷ್ ಗೆಳತಿಯರ ಜೊತೆ ಹುಲ್ಲಿನ ಮೇಲೆ ಕೂತಿದ್ದ ಅನಿಕಾ ಎದ್ದು ಬಂದಳು. ಶಾಲೆಯ ಗಾನವೃಂದದಲ್ಲಿ ಹಾಡುವ ಹುಡುಗಿ. "ಕೆಳಗೆ, ಅಮ್ಮಾ. ತುಂಬ ಕೆಳಗಿಂದ," ಎಂದು ತಾನೇ ಸ್ವರ ಹಿಡಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷಿನಲ್ಲಿ ಉತ್ತರ ಕೊಡುವ ಮಗಳು ಒಂದಕ್ಷರ ತಪ್ಪದೆ ಕೊನೆಯ ತನಕ ಹಾಡಿದಳು. ಅಮ್ಮ ಅವಳ ಹಿಂದೆ ಹಿಂದೆ ಹೋದಳು. ಮೊದಲು ನೆಟ್ಟಗೆ ನಿಂತದ್ದು ಡಾನಾ. ಆಮೇಲೆ ಕೇಕಿನ ಚಾಕು ಕೆಳಗಿಟ್ಟು ನೈಜೆಲ್. ಕ್ರೇಗ್ ಸೌಟನ್ನು ಬೆನ್ನ ಹಿಂದೆ ಹಿಡಿದು, ಕಡಲ ತೀರದಲ್ಲಿ ನಿಂತಿದ್ದ ಹಾಗೇ ನಿಂತ. ಮುಗಿದಾಗ ಅನಿಕಾಳ ಗೆಳತಿಯರು ಸಿಳ್ಳೆ ಹಾಕಿದರು. ಗೋಪೀನಾಥ ಕಣ್ಣಿಗೆ ಹೊಗೆ ಹೋಯಿತು ಎಂದ. ಕ್ರೇಗ್‌ನ ಒಲೆ ಆಗ ಆರಿಹೋಗಿತ್ತು.

ಸಂಜೆ ಮೇಜು ಮಡಚುವಾಗ ಇಂಗಾ ಒಂದು ಚೀಲ ಎದೆಗವಚಿಕೊಂಡು ಬಂದಳು. ಊರಾಚೆಗಿರುವ ಅವಳ ಬೇಸಿಗೆ ಮನೆಯ ಅಂಗಳದ ಕಂಬದ್ದು, ನೀಲಿ ಹಳದಿಯ ದೊಡ್ಡ ಬಾವುಟ. ಗಾಳಿಗೆ ಅಂಚು ಚಿಂದಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಏರಿಸಿರಲಿಲ್ಲವಂತೆ. "ನಾವು ಇದನ್ನೆಲ್ಲ ಬಾಯಿಬಿಟ್ಟು ಹೇಳೋ ಜನ ಅಲ್ಲ," ಎಂದಳು. "ಆದರೆ ಇವತ್ತು ನಿಮ್ಮನ್ನೆಲ್ಲ ನೋಡಿ, ಈ ವರ್ಷ ಏರಿಸೋಣ ಅನ್ನಿಸಿತು. ಸರಿ ಆಗುತ್ತಾ?"

"ಆಗ್ದೇ ಏನು!" ಎಂದಳು ಪ್ರಫುಲ್ಲಾ.

ಜೂನ್ ಕೊನೆಯ ಮಿಡ್‌ಸಮ್ಮರ್ ಹಬ್ಬಕ್ಕೆ ಇಂಗಾ ಅವರೆಲ್ಲರನ್ನೂ ಬೇಸಿಗೆ ಮನೆಗೆ ಕರೆದಳು. ಮೀನಿನ ತಟ್ಟೆಗಳನ್ನು ದೂರದ ಮೇಜಿಗೆ ಸರಿಸಿ, ಮೀನು ತಿನ್ನದ ಗೋಪೀನಾಥನ ಮನೆಯವರಿಗೆಂದು ಎಳೆ ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಒಂದು ಇಡೀ ಸ್ಟ್ರಾಬೆರಿ ಕೇಕ್ ಇಟ್ಟಿದ್ದಳು. ಊಟಕ್ಕೆ ಮೊದಲು ಅನಿಕಾ ಮತ್ತು ಇಂಗಾ ಹಗ್ಗ ಎಳೆದರು. ಪ್ರಫುಲ್ಲಾ ಅಂಚು ಹೊಲಿದುಕೊಟ್ಟ ಬಾವುಟ ಕಂಬದ ತುದಿ ಮುಟ್ಟಿ ಬಿಚ್ಚಿಕೊಂಡಿತು. ಇಂಗಾ ಅದನ್ನೊಮ್ಮೆ ನೋಡಿ, ಏಪ್ರನ್ನಿಗೆ ಕೈ ಒರೆಸಿಕೊಂಡು, "ಬನ್ನಿ, ಆಲೂಗಡ್ಡೆ ತಣ್ಣಗಾಗುತ್ತೆ" ಎಂದಳು. ಎಲ್ಲರೂ ಬೆಂಚುಗಳ ಮೇಲೆ ಒತ್ತಾಗಿ ಕೂತು ಉಣ್ಣತೊಡಗಿದರು.